ಮಾಸ್ತರರಿಗಿಂತ ಮೊದಲು ಕಡತ ಹೊರಡಬೇಕು

ಆಳಂದ ತಾಲ್ಲೂಕಿನ ಭೂಸನೂರ ಎಂದರೆ ಹೊರಗಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಶಾಲೆ ಮುಟ್ಟಬೇಕು. ಅಲ್ಲಿನ ಹೈಸ್ಕೂಲು ಮಾಸ್ತರರೊಬ್ಬರಿಗೆ, ‘ಸರ್, ನೀವು ಆರು ವಾರ ಅಮೆರಿಕಕ್ಕೆ ಹೋಗಿ ಅಲ್ಲಿನ ಶಾಲೆ ನೋಡಿ ಬರಬಹುದು, ವಿಮಾನದ ಖರ್ಚೂ ನಿಮ್ಮದಲ್ಲ’ ಎಂದು ಹೇಳಿ ನೋಡಿ. ನಕ್ಕುಬಿಡುತ್ತಾರೆ. ಅದೆಲ್ಲ ಬೆಂಗಳೂರಿನ ಕಾನ್ವೆಂಟಿನವರಿಗೆ ಎನ್ನುತ್ತಾರೆ. ನಿಯಮ ಓದಿದರೆ ಮಾತು ತಿರುಗಾಮುರುಗಾ: ಸ್ಥಳೀಯ ಮಕ್ಕಳಿಗೆ ಪಾಠ ಹೇಳುವ ಶಾಲೆಯವರೇ ಬೇಕು, ಅಮೆರಿಕ ನೋಡದವರಿಗೇ ಆದ್ಯತೆ. ನಮ್ಮವರನ್ನು ತಡೆಯುತ್ತಿರುವುದು ಇಂಗ್ಲಿಷಿಗಿಂತ ಹೆಚ್ಚಾಗಿ ಕಾಗದಪತ್ರ.

ಕಾರ್ಯಕ್ರಮದ ಹೆಸರು ಉದ್ದ: ಫುಲ್‌ಬ್ರೈಟ್ ಟೀಚಿಂಗ್ ಎಕ್ಸಲೆನ್ಸ್ ಅಂಡ್ ಅಚೀವ್‌ಮೆಂಟ್. ಚುಟುಕಾಗಿ ಟಿಇಎ. ಅಮೆರಿಕದಲ್ಲಿ ಫುಲ್‌ಬ್ರೈಟ್ ಯೋಜನೆ ಹುಟ್ಟಿದ್ದು 1946ರಲ್ಲಿ. ಭಾರತ ಅದಕ್ಕೆ ಸಹಿ ಹಾಕಿದ್ದು 1950ರ ಫೆಬ್ರುವರಿ 2ರಂದು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ್ದ ಎ.ಕೆ. ರಾಮಾನುಜನ್ ಮುಂದೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಇದೇ ಫುಲ್‌ಬ್ರೈಟ್ ನೆರವಿನಿಂದ. ಅವರು ಅಮೆರಿಕದಲ್ಲೇ ನಿಂತರು, ದೊಡ್ಡ ಹೆಸರಾದರು. ಟಿಇಎ ಹಾಗಲ್ಲ. ಹೋದವರು ತಮ್ಮ ಶಾಲೆಗೇ ಮರಳಿ ಬಂದು ಪಾಠ ಮಾಡಬೇಕೆಂಬುದೇ ಇದರ ಉದ್ದೇಶ. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಯುನೈಟೆಡ್ ಸ್ಟೇಟ್ಸ್–ಇಂಡಿಯಾ ಎಜುಕೇಷನಲ್ ಫೌಂಡೇಷನ್. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದಿನಲ್ಲಿ ಅದರ ಕಚೇರಿಗಳಿವೆ. ಅರ್ಜಿಯ ಕೊನೆಯ ದಿನಾಂಕ ಮತ್ತು ಆ ವರ್ಷದ ನಿಯಮಕ್ಕೆ ಅದರ ಪ್ರಕಟಣೆಯೇ ಪ್ರಮಾಣ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುತ್ತುವ ಹಳೆಯ ಪಿಡಿಎಫ್ ಅಲ್ಲ.

ಯಾರು ಹಾಕಬಹುದು?

ಪದವಿ ಮುಗಿದಿರಬೇಕು. ಪ್ರೌಢಶಾಲೆಯಲ್ಲಿ ಪೂರ್ಣಾವಧಿ ಶಿಕ್ಷಕರಾಗಿರಬೇಕು, ಕನಿಷ್ಠ 5 ವರ್ಷ ಪಾಠ ಮಾಡಿರಬೇಕು. ವಿಷಯ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಅಥವಾ ವಿಶೇಷ ಶಿಕ್ಷಣ. ಕನ್ನಡ ಮತ್ತು ಹಿಂದಿ ಮಾಸ್ತರರಿಗೆ ಈ ಬಾಗಿಲಿಲ್ಲ. ಮಕ್ಕಳನ್ನು ಚೆನ್ನಾಗಿ ಬಲ್ಲವರು ಎಷ್ಟೋ ಶಾಲೆಗಳಲ್ಲಿ ಇವರೇ ಆದ್ದರಿಂದ ನನಗಂತೂ ಇದು ಒಪ್ಪಿಗೆಯಿಲ್ಲ. ಹೋಗಿಬರುವ ವಿಮಾನ, ವಸತಿ, ಊಟ, ಅಲ್ಲಿರುವಷ್ಟು ದಿನದ ಆರೋಗ್ಯ ರಕ್ಷಣೆ ಕಾರ್ಯಕ್ರಮದ ಲೆಕ್ಕಕ್ಕೆ. ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ಯುವಂತಿಲ್ಲ.

ಆರು ವಾರ ಸಾಲದು ಎನ್ನುವವರಿಗೆ ಒಂದು ಸೆಮಿಸ್ಟರ್ ಕಾಲದ ಫುಲ್‌ಬ್ರೈಟ್ ಡಿಸ್ಟಿಂಗ್ವಿಷ್ಡ್ ಅವಾರ್ಡ್ಸ್ ಇನ್ ಟೀಚಿಂಗ್ ಇದೆ. ವಯಸ್ಸು 35 ದಾಟದವರು ಜಪಾನ್ ಸರ್ಕಾರದ ಶಿಕ್ಷಕ ತರಬೇತಿ ವಿದ್ಯಾರ್ಥಿವೇತನವನ್ನೂ ನೋಡಬಹುದು. ಅದು ಸುಮಾರು ಒಂದೂವರೆ ವರ್ಷದ್ದು, ಮೊದಲಿಗೆ ಜಪಾನಿ ಭಾಷೆ ಕಲಿಸುತ್ತಾರೆ; ಅರ್ಜಿ ಹೋಗುವುದು ರಾಯಭಾರ ಕಚೇರಿಯ ಮೂಲಕ.

ಮೊದಲ ಕೆಲಸ: ನಿಮ್ಮ ಹೆಸರು

ಅರ್ಜಿಗೂ ಮುಂಚೆ ಪಾಸ್‌ಪೋರ್ಟ್. ಪಾಸ್‌ಪೋರ್ಟಿಗೂ ಮುಂಚೆ ಹೆಸರು. ನಮ್ಮ ಭಾಗದಲ್ಲಿ ಊರ ಹೆಸರೇ ಅಡ್ಡಹೆಸರು. ಭೂಸನೂರ ಎಂಬ ಒಂದೇ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಬಿ.ಇಡಿ. ಪ್ರಮಾಣಪತ್ರದಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಶಿಕ್ಷಕಿಯರ ಪಾಡು ಇನ್ನೂ ಕಷ್ಟ: ಅಂಕಪಟ್ಟಿಯಲ್ಲಿ ಅಪ್ಪನ ಹೆಸರು, ಬ್ಯಾಂಕಿನಲ್ಲಿ ಗಂಡನ ಹೆಸರು. ಎಲ್ಲ ಕಾಗದ ಮೇಜಿನ ಮೇಲೆ ಹರವಿ ಅಕ್ಷರ ಅಕ್ಷರ ಹೋಲಿಸಿ. ಯಾವುದು ತಪ್ಪೋ ಅದನ್ನು ಈಗಲೇ ತಿದ್ದಿಸಿ. ಜೂನ್ 1 ಜನ್ಮದಿನವಾದವರು ಅಂಜಬೇಕಿಲ್ಲ. ಶಾಲೆಗೆ ಸೇರಿಸಿದ ಗುರುಗಳು ಕೊಟ್ಟ ಆ ಹುಟ್ಟುಹಬ್ಬ ನಮ್ಮಲ್ಲಿ ಅರ್ಧ ಊರಿಗಿದೆ; ಎಲ್ಲ ದಾಖಲೆಗಳಲ್ಲೂ ಅದೇ ಇದ್ದರೆ ಸಾಕು. 2023ರ ಅಕ್ಟೋಬರ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಜನನ ದಿನಾಂಕದ ಪುರಾವೆಯಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಡೆಯುತ್ತದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರು ಅಡ್ಡಹೆಸರಾಗಿ ಕೂರುತ್ತದೆ. ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ ಎಂಬ ಮೂರಕ್ಷರ ಬರುತ್ತದೆ. ಆಮೇಲೆ ಟಿಕೆಟಿನಿಂದ ಹಿಡಿದು ಅಲ್ಲಿನ ಗುರುತಿನ ಚೀಟಿಯವರೆಗೂ ವಿವರಣೆ ಕೊಡುತ್ತಲೇ ಇರಬೇಕು.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಸೇವಾ ಕೇಂದ್ರವಿದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ. ಸರ್ಕಾರಿ ನೌಕರರು ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾರೆ. ಅದರ ಬದಲು ‘ಪೂರ್ವ ಮಾಹಿತಿ ಪತ್ರ’ದ ದಾರಿಯಿದೆ: ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಿದ್ದೇನೆ ಎಂದು ನಿಮ್ಮ ಮೇಲಧಿಕಾರಿಗೆ ನೀವೇ ತಿಳಿಸುವ ಪತ್ರ. ಅದರ ಪ್ರತಿಯನ್ನು ಪಾಸ್‌ಪೋರ್ಟ್ ಅರ್ಜಿಗೆ ಲಗತ್ತಿಸಬೇಕು. ನೆನಪಿಡಿ, ಇದು ಪಾಸ್‌ಪೋರ್ಟಿಗೆ ಮಾತ್ರ. ದೇಶ ಬಿಡಲು ಬೇರೆಯೇ ಅನುಮತಿ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಪ್ರಬಂಧದಲ್ಲಿ ನಿಮ್ಮ ತರಗತಿ ಇರಲಿ

ಅರ್ಜಿಯ ಜೀವ ಇರುವುದು ಸಣ್ಣ ಸಣ್ಣ ಪ್ರಬಂಧಗಳಲ್ಲಿ. ನಮ್ಮವರು ಮುಗ್ಗರಿಸುವುದೂ ಇಲ್ಲೇ. ‘ಶಿಕ್ಷಣವೇ ರಾಷ್ಟ್ರದ ಬೆನ್ನೆಲುಬು, ನಾನು ಮಕ್ಕಳ ಸರ್ವತೋಮುಖ ಬೆಳವಣಿಗೆಗೆ ಶ್ರಮಿಸುತ್ತಿದ್ದೇನೆ’ ಎಂದು ಶುರುವಾದರೆ ಮುಗಿಯಿತು. ಓದುವವರು ಅಂಥದ್ದನ್ನು ನೂರು ಓದಿರುತ್ತಾರೆ. ಅದು ಶಿಕ್ಷಕರ ದಿನಾಚರಣೆಯ ಭಾಷಣ, ಅಲ್ಲೇ ಇರಲಿ.

ಬರೆಯಲು ವಿಷಯ ಬೇಕೆಂದರೆ ಕಿಟಕಿಯಾಚೆ ನೋಡಿ. ತೊಗರಿ ರಾಶಿಯ ದಿನಗಳಲ್ಲಿ ಹಿಂದಿನ ಬೆಂಚು ಖಾಲಿಯಾಗುತ್ತದೆಯೆ? ಎಷ್ಟು ಮಕ್ಕಳು, ಎಷ್ಟು ದಿನ, ಮರಳಿ ಬಂದಾಗ ಬಿಟ್ಟುಹೋದ ಪಾಠ ಹೇಗೆ ತುಂಬಿಸಿದಿರಿ? ತಾಂಡಾದ ಹುಡುಗಿ ಮನೆಯಲ್ಲಿ ಲಂಬಾಣಿ, ಬಯಲಲ್ಲಿ ಕನ್ನಡ, ಅಪ್ಪ ಅವ್ವನ ಜೊತೆ ಮುಂಬೈ ಪುಣೆಗೆ ಗುಳೆ ಹೋದಾಗ ಹಿಂದಿ ಮರಾಠಿ ಮಾತಾಡುತ್ತಾಳೆ. ನಿಮ್ಮ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಅವಳ ಬಾಯಿ ಬಿಡಿಸಲು ನೀವು ಏನು ಮಾಡಿದಿರಿ? ಏನು ಮಾಡಿ ಸೋತಿರಿ?

ಗಣಿತದವರಿಗೆ ಕಾರ್ಖಾನೆಯೇ ಪ್ರಯೋಗಾಲಯ. ನೂರು ಕೆ.ಜಿ. ಕಬ್ಬು ಅರೆದರೆ ಹತ್ತು ಕೆ.ಜಿ. ಆಸುಪಾಸು ಸಕ್ಕರೆ, ಇದೇ ರೈತರ ಬಾಯಲ್ಲಿರುವ ‘ರಿಕವರಿ’. ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುವ ಎಫ್‌ಆರ್‌ಪಿ ದರವೂ ಈ ರಿಕವರಿಯ ಶೇಕಡಾಕ್ಕೆ ಕಟ್ಟಿಕೊಂಡಿದೆ. ಅಪ್ಪನ ಕಬ್ಬಿನ ತೂಕದ ಚೀಟಿ ತರಿಸಿ ಎಂಟನೆಯವರಿಗೆ ಶೇಕಡಾವಾರು ಕಲಿಸಿದ್ದರೆ, ಆ ಒಂದು ಪಾಠವನ್ನು ಹತ್ತು ಸಾಲಲ್ಲಿ ಬರೆಯಿರಿ. ಸೋತ ಪಾಠವಿದ್ದರೆ ಇನ್ನೂ ಒಳ್ಳೆಯದು. ಕಲಿಯಲು ಹೋಗುವವನಿಗೆ ಏನೋ ಒಂದು ಬಾರದೇ ಇರಬೇಕಲ್ಲ.

ಪ್ರಬಂಧವನ್ನು ದುಡ್ಡು ಕೊಟ್ಟು ಬರೆಸಬೇಡಿ, ಮೊಬೈಲಿನ ಎಐಯಿಂದಲೂ ಹೊರಡಿಸಬೇಡಿ. ಮುಂದೆ ಸಂದರ್ಶನದಲ್ಲಿ ಅದೇ ಪಾಠದ ಬಗ್ಗೆ ಕೇಳಿದಾಗ ನೀವೇ ಉತ್ತರಿಸಬೇಕು. ಬರೆದ ಮೇಲೆ ಒಬ್ಬರಿಗೆ ಓದಿಸಿ. ನಮ್ಮ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಇಂಗ್ಲಿಷ್ ವಿಭಾಗವೂ ಇದೆ. ಹೋಗಿ ಕೇಳಲು ಸಂಕೋಚವೇಕೆ?

ಟೊಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಭಯ ಅನಗತ್ಯ. ಟಿಇಎಗೆ ಕೇಳುವುದು ಹಳೆಯ ಕಾಗದ ಪರೀಕ್ಷೆಯ ಲೆಕ್ಕದಲ್ಲಿ 450, ಅಂದರೆ ಮಧ್ಯಮ ಮಟ್ಟ. ನಮಗೆ ಓದು ಬರಹ ಬರುತ್ತದೆ, ಕಿವಿ ತಯಾರಿಲ್ಲ. ದಿನಾ ಅರ್ಧ ಗಂಟೆ ಇಂಗ್ಲಿಷ್ ರೇಡಿಯೊ ಸುದ್ದಿ ಕೇಳಿ, ಕೇಳಿದ್ದನ್ನು ನಾಲ್ಕು ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ. ಅಂಕ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ತೀರಾ ಮುಂಚೆ ಬರೆದು ಕೂರಬೇಡಿ.

ಕಡತದ ಪಯಣ

ಅರ್ಜಿಗೆ ಮುಖ್ಯಗುರುಗಳ ಒಪ್ಪಿಗೆ ಪತ್ರ ಬೇಕು: ಇವರನ್ನು ಬಿಟ್ಟುಕೊಡುತ್ತೇವೆ, ಮರಳಿದ ಮೇಲೆ ಇಲ್ಲೇ ಕೆಲಸ ಎಂದು. ಅಲ್ಲೇ ಮುಗಿಯಿತೆಂದು ತಿಳಿಯಬೇಡಿ. ಸರ್ಕಾರಿ ಶಾಲೆಯವರಾದರೆ ವಿದೇಶ ಪ್ರಯಾಣದ ಅನುಮತಿಯ ಕಡತ ಮುಖ್ಯಗುರುಗಳಿಂದ ಆಳಂದದ ಬಿಇಒ ಕಚೇರಿಗೆ, ಅಲ್ಲಿಂದ ಕಲಬುರಗಿಯ ಡಿಡಿಪಿಐ ಕಚೇರಿಗೆ, ಅಲ್ಲಿಂದ ಮೇಲಕ್ಕೆ ಏರಬೇಕು. ಪ್ರತಿ ಮೆಟ್ಟಿಲಲ್ಲೂ ಇನ್‌ವರ್ಡ್ ನಂಬರ್ ಬರೆದುಕೊಳ್ಳಿ. ನನ್ನದೊಂದು ಅನುಮತಿ ಕಡತ, ಕಚೇರಿಯ ಹೆಸರು ಬೇಡ, ಮೂರು ವಾರ ಒಂದು ಮೇಜಿನ ಮೇಲೆ ಮಲಗಿತ್ತು. ಕಾರಣ ಕೇಳಿದರೆ ‘ಲಗತ್ತು ಎರಡರ ಮೇಲೆ ಸಹಿ ಇಲ್ಲ’ ಎಂದರು. ಮೊದಲ ದಿನವೇ ಹೇಳಿದ್ದರೆ ಎರಡು ನಿಮಿಷದ ಕೆಲಸ. ಆದ್ದರಿಂದ ಲಗತ್ತುಗಳ ಪಟ್ಟಿ ಮಾಡಿ, ಪುಟ ಸಂಖ್ಯೆ ಹಾಕಿ, ಎಲ್ಲವನ್ನೂ ದೃಢೀಕರಿಸಿ ಮೂರು ಪ್ರತಿ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ‘ರಜೆ ಮಂಜೂರು ಮಾಡಿ’ ಎಂದಷ್ಟೇ ಬರೆಯಬೇಡಿ. ಅನ್ಯ ಕಾರ್ಯ ನಿಮಿತ್ತ, ಅಂದರೆ ಓಓಡಿ ಸೌಲಭ್ಯ ಕೊಡಬೇಕೆಂದು ಸ್ಪಷ್ಟವಾಗಿ ಕೋರಿ, ಆಯ್ಕೆ ಪತ್ರ ಲಗತ್ತಿಸಿ. ಬೇಸಿಗೆ ರಜೆ ಉಣ್ಣುವ ನಮಗೆ ಗಳಿಕೆ ರಜೆ ಮೊದಲೇ ಕಡಿಮೆ. ಆರು ವಾರ ಅದರಲ್ಲೇ ಕಳೆದರೆ ಉಳಿಯುವುದೇನು? ನಿಮ್ಮ ಪಿರಿಯಡ್‌ಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬ ವೇಳಾಪಟ್ಟಿಯನ್ನೂ ಜೊತೆಗಿಡಿ. ಹತ್ತನೆಯ ತರಗತಿಯ ಮಾಸ್ತರರಾದರೆ ಮೇಲಧಿಕಾರಿ ಕೇಳುವ ಮೊದಲ ಪ್ರಶ್ನೆಯೇ ಅದು.

ಹಲವರು ಮರೆಯುವ ಇನ್ನೊಂದು ಕಾಗದವಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ 6ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರರು ಹೊರದೇಶದಲ್ಲಿ ವಿದೇಶಿ ಆತಿಥ್ಯ ಪಡೆಯಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಟಿಕೆಟ್, ಊಟ, ವಸತಿ ಎಲ್ಲ ಆತಿಥ್ಯದ ವ್ಯಾಖ್ಯೆಯಲ್ಲೇ ಬರುತ್ತವೆ. ಗೃಹ ಸಚಿವಾಲಯಕ್ಕೆ ಆನ್‌ಲೈನಿನಲ್ಲಿ ಎಫ್‌ಸಿ-2 ಅರ್ಜಿ ಸಲ್ಲಿಸಬೇಕು. ಆಯ್ಕೆ ಪತ್ರ ಬಂದ ವಾರವೇ ಇದನ್ನು ಇಲಾಖೆಯಲ್ಲೂ ಫೌಂಡೇಷನ್ನಿನಲ್ಲೂ ಕೇಳಿ ಇತ್ಯರ್ಥ ಮಾಡಿಕೊಳ್ಳಿ.

ವೀಸಾ, ಬುತ್ತಿ, ತರಗತಿ

ವೀಸಾ ಜೆ-1 ವರ್ಗದ್ದು. ಕಾರ್ಯಕ್ರಮದವರು ಡಿಎಸ್-2019 ಎಂಬ ಪತ್ರ ಕಳಿಸುತ್ತಾರೆ, ನೀವು ಡಿಎಸ್-160 ಅರ್ಜಿ ತುಂಬುತ್ತೀರಿ. ನಮಗೆ ಹತ್ತಿರದ ಕಾನ್ಸುಲೇಟ್ ಹೈದರಾಬಾದಿನದು. 2023ರ ಮಾರ್ಚಿನಿಂದ ಅದು ನಾನಕ್‌ರಾಮ್‌ಗುಡದ ಹೊಸ ಕಟ್ಟಡದಲ್ಲಿದೆ, ಬೇಗಂಪೇಟೆಯಲ್ಲಿ ಹುಡುಕಬೇಡಿ. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಎಂದುಕೊಂಡೇ ರೈಲು ಟಿಕೆಟ್ ತೆಗೆಸಿ. ಈ ವೀಸಾಕ್ಕೆ ಒಂದು ಗಂಟಿದೆ: ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರುವವರೆಗೆ ಅಮೆರಿಕದ ಎಚ್ ಅಥವಾ ಎಲ್ ಉದ್ಯೋಗ ವೀಸಾ, ಗ್ರೀನ್ ಕಾರ್ಡ್ ಸಿಗುವುದಿಲ್ಲ. ಅಲ್ಲೇ ನೆಲೆಸುವ ಆಸೆಯಿದ್ದವರು ಈ ದಾರಿ ಹಿಡಿಯದಿರುವುದೇ ಲೇಸು.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ಆದರೆ ಇಳಿದಾಗ ಕಸ್ಟಮ್ಸ್ ಪ್ರಶ್ನೆಗೆ ತಿನಿಸು ಇದೆ ಎಂದೇ ಹೇಳಿ. ಮಾಂಸ, ಹಸಿ ಹಣ್ಣು, ಬಿತ್ತನೆ ಕಾಳು ಬೇಡ; ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಲಬುರಗಿ ತೊಗರಿಯನ್ನು ಅಲ್ಲಿನ ಮಕ್ಕಳಿಗೆ ತೋರಿಸಬೇಕೆಂದರೆ ಹೊಲದ ಫೋಟೊ ಸಾಕು.

ವಿಶ್ವವಿದ್ಯಾಲಯದ ಪಾಠಗಳ ಜೊತೆಗೆ ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಜೊತೆ ಶಿಕ್ಷಕರೊಂದಿಗೆ ಕನಿಷ್ಠ 40 ಗಂಟೆ ಕಳೆಯಬೇಕು. ಅಲ್ಲಿ ಸಾಮಾನ್ಯವಾಗಿ ಮಾಸ್ತರರು ಕೋಣೆಯಲ್ಲೇ ಇರುತ್ತಾರೆ, ಗಂಟೆ ಹೊಡೆದಾಗ ಎದ್ದು ಹೋಗುವುದು ಮಕ್ಕಳು. ಹೀಗಾಗಿ ಗೋಡೆ, ಕಪಾಟು ಎಲ್ಲ ಆ ವಿಷಯದ್ದೇ. ಸ್ಮಾರ್ಟ್ ಬೋರ್ಡ್ ನೋಡಿ ಬೆರಗಾಗುವುದಕ್ಕಿಂತ ಇಂಥ ದುಡ್ಡಿಲ್ಲದ ಸಂಗತಿಗಳನ್ನು ದಿನಾ ವಹಿಯಲ್ಲಿ ಬರೆದುಕೊಳ್ಳಿ. ಭೂಸನೂರಿಗೆ ತರಬಹುದಾದದ್ದು ಇವೇ. ಮಕ್ಕಳ ಫೋಟೊ ಮಾತ್ರ ಕೇಳದೆ ತೆಗೆಯಬೇಡಿ.

ಮರಳಿದ ಮೇಲೆ ಸನ್ಮಾನದ ಶಾಲು, ಹಾರ ಬರುತ್ತವೆ, ಬರಲಿ. ಅದಕ್ಕೂ ಮೊದಲು ಕರ್ತವ್ಯಕ್ಕೆ ಹಾಜರಾದ ವರದಿ ಬರೆದು ಬಿಇಒ ಕಚೇರಿಗೆ ಮುಟ್ಟಿಸಿ, ಓಓಡಿ ಅವಧಿ ನಿಮ್ಮ ಸೇವಾ ವಹಿಯಲ್ಲಿ ನಮೂದಾಗಿದೆಯೇ ಎಂದು ಕಣ್ಣಾರೆ ನೋಡಿ, ಆ ಪುಟದ ಜೆರಾಕ್ಸ್ ಮನೆಯಲ್ಲಿಡಿ.