ನೀಲಗಿರಿಯ ಕೆಸರಿನಲ್ಲಿ ಹಳೇ ಹವಾಮಾನ

ರಾಗಿಮುದ್ದೆಗೂ ಅನ್ನಕ್ಕೂ ಇರೋ ವ್ಯತ್ಯಾಸ ನಮ್ಮ ನಾಲಿಗೆಗೆ ಗೊತ್ತು. ಮಾಸ್ ಸ್ಪೆಕ್ಟ್ರೋಮೀಟರ್‌ಗೂ ಗೊತ್ತು! ಆ ವ್ಯತ್ಯಾಸದಿಂದಲೇ ವಿಜ್ಞಾನಿಗಳು 20,000 ವರ್ಷದ ಹಿಂದಿನ ಹವಾಮಾನ ಓದಿದ್ದಾರೆ. ಹೇಗೆ ಅಂತ ನೋಡೋಣ.

ಗಾಳಿಯಲ್ಲಿರುವ ಕಾರ್ಬನ್‌ನಲ್ಲಿ ಸುಮಾರು 99% ಕಾರ್ಬನ್-12, ಉಳಿದ 1% ಸ್ವಲ್ಪ ಭಾರವಾದ ಕಾರ್ಬನ್-13. ಗಿಡಗಳು ಹಗುರವಾದದ್ದನ್ನೇ ಹೆಚ್ಚು ಹೀರಿಕೊಳ್ಳುತ್ತವೆ. ಆದರೆ ಎಲ್ಲ ಗಿಡಗಳೂ ಒಂದೇ ಥರ ಅಲ್ಲ. ಭತ್ತ ಮತ್ತು ಹೆಚ್ಚುಕಮ್ಮಿ ಎಲ್ಲ ಮರಗಳು ಸಿ3 ಗುಂಪು. ರಾಗಿ, ಜೋಳ, ಕಬ್ಬು, ಬಿಸಿಲುನಾಡಿನ ಅನೇಕ ಹುಲ್ಲುಗಳು ಸಿ4 ಗುಂಪು. ಇವು ಕಡಿಮೆ ನೀರಲ್ಲೂ ನಿಭಾಯಿಸುತ್ತವೆ. ಒಂದು ಸ್ಟ್ಯಾಂಡರ್ಡ್‌ಗೆ ಹೋಲಿಸಿದರೆ ಕಾರ್ಬನ್-13ರ ಅಳತೆ ಸಿ3 ಗಿಡಗಳಲ್ಲಿ ಸಾವಿರಕ್ಕೆ ಸುಮಾರು −27, ಸಿ4ರಲ್ಲಿ ಸುಮಾರು −13. ಸ್ಯಾಂಪಲ್‌ನಲ್ಲಿ −20 ಬಂದರೆ? ಅರ್ಧ ಅದು, ಅರ್ಧ ಇದು. ಬರೀ ಇಂಟರ್‌ಪೊಲೇಶನ್ ಅಷ್ಟೇ.

ಈಗ ನೀಲಗಿರಿಗೆ ಹೋಗೋಣ. 2,000 ಮೀಟರ್‌ಗಿಂತ ಎತ್ತರದಲ್ಲಿರುವ ಅಲ್ಲಿನ ಕಣಿವೆಗಳಲ್ಲಿ ಜೌಗು ನೆಲ ಇದೆ. ನೀರು ನಿಂತಿರೋದರಿಂದ ಒಳಗೆ ಆಮ್ಲಜನಕ ಕಡಿಮೆ. ಸತ್ತ ಗಿಡ ಪೂರ್ತಿ ಕೊಳೆಯೋದಿಲ್ಲ. ಪದರದ ಮೇಲೆ ಪದರ ಕೂತು ಪೀಟ್ ಆಗುತ್ತೆ. ಪದರದ ವಯಸ್ಸನ್ನು ಕಾರ್ಬನ್-14 ಹೇಳುತ್ತೆ, ಅಲ್ಲಿ ಏನು ಬೆಳೆದಿತ್ತು ಅನ್ನೋದನ್ನು ಕಾರ್ಬನ್-13 ಹೇಳುತ್ತೆ. ಬೆಂಗಳೂರಿನ ಐಐಎಸ್‌ಸಿಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಈ ದಾಖಲೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಮಯುಗದ ಕಡುಚಳಿಯ ಕಾಲದ ಪದರಗಳಲ್ಲಿ ಸಿ4 ಹುಲ್ಲಿನದೇ ಮೇಲುಗೈ, ಅಂದರೆ ಒಣ ಹವೆ. ಸುಮಾರು 10,000 ವರ್ಷದ ಹಿಂದಿನ ಪದರಗಳಲ್ಲಿ ಅಳತೆ ಸಿ3 ಕಡೆ ವಾಲುತ್ತೆ, ಅಂದರೆ ಜೋರು ಮುಂಗಾರು.

ಇಷ್ಟಕ್ಕೇ ‘ಸಿ4 ಅಂದ್ರೆ ಬರ’ ಅಂತ ಬರೆದುಕೊಂಡು ಮುಗಿಸಿಬಿಟ್ಟಿದ್ದೆ. ಅದು ತಪ್ಪು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೂ ಸಿ4 ಗಿಡಗಳಿಗೆ ಲಾಭ. ಹಿಮಯುಗದಲ್ಲಿ ಅದು ಸುಮಾರು 190 ಪಿಪಿಎಂ ಇತ್ತು ಅಂತ ಅಂಟಾರ್ಕ್ಟಿಕಾದ ಮಂಜುಗಡ್ಡೆಯ ಗುಳ್ಳೆಗಳು ಹೇಳುತ್ತವೆ. ಕೈಗಾರಿಕೆಗಳು ಬರೋ ಮುಂಚೆ ಸುಮಾರು 280 ಇತ್ತು. ಅಂದರೆ ನಮ್ಮ ಸೆನ್ಸರ್ ಒಂದೇ, ಇನ್‌ಪುಟ್ ಎರಡು. ಬಿಡಿಸೋಕೆ ಇನ್ನೊಂದು ಸೆನ್ಸರ್ ಬೇಕು. ಅರಬ್ಬೀ ಸಮುದ್ರದ ತಳದ ಕೆಸರು ಕೂಡ ಆಗ ನೈಋತ್ಯ ಮುಂಗಾರು ಸೊರಗಿತ್ತು ಅಂತಲೇ ಹೇಳುತ್ತೆ. ಹೀಗೆ ಎರಡು ಸಾಕ್ಷಿ ಒಂದೇ ಮಾತು ಹೇಳಿದಾಗ ನಂಬಿಕೆ ಗಟ್ಟಿಯಾಗುತ್ತೆ.

ಇದೆಲ್ಲ ತಿಳಿದು ಏನು ಪ್ರಯೋಜನ? ನೀಲಗಿರಿಯಲ್ಲಿ ಶೋಲಾ ಕಾಡಿನ ಪಕ್ಕದಲ್ಲೇ ಹುಲ್ಲುಗಾವಲು ಇರುತ್ತೆ. ಮನುಷ್ಯ ಕಾಡು ಕಡಿದಿದ್ದಕ್ಕೇ ಈ ಹುಲ್ಲು ಬಂತು ಅನ್ನೋ ವಾದ ಇತ್ತು. ಬ್ರಿಟಿಷರ ಕಾಲದಿಂದ ಸ್ವಾತಂತ್ರ್ಯದ ನಂತರದವರೆಗೂ ಆ ಹುಲ್ಲುಗಾವಲುಗಳಲ್ಲಿ ನೀಲಗಿರಿ, ವ್ಯಾಟಲ್ ಮರಗಳನ್ನು ನೆಟ್ಟರು. ಆದರೆ ಪೀಟ್ ಪ್ರಕಾರ ಅಲ್ಲಿ ಹುಲ್ಲು 20,000 ವರ್ಷದ ಹಿಂದೆಯೇ ಇತ್ತು. ಬೇಸಾಯ ಆಗಿನ್ನೂ ಶುರುವೇ ಆಗಿರಲಿಲ್ಲ.

ಹುಲ್ಲು ಇರೋ ಜಾಗವೆಲ್ಲ ಖಾಲಿ ಜಾಗ ಅಲ್ಲ. ಮುಂದಿನ ಸಲ ಗಿಡ ನೆಡೋ ಕಾರ್ಯಕ್ರಮಕ್ಕೆ ಹೆಸರು ಕೊಡುವಾಗ, ಆ ನೆಲದಲ್ಲಿ ಮೊದಲು ಏನಿತ್ತು ಅಂತ ಒಂದು ಸಲ ಕೇಳಿ.