ಮೇರಿಯ ಜಾಡು ಹಿಡಿಯುವ ಮೊದಲು

ನೋಡಮ್ಮ, ಮೇರಿ ಬ್ರಯಾಂಟಳ ಬದುಕಿನ ಮೇಲೆ ಬರೆಯಲು ಹೊರಟಿದ್ದೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ದೋಣಿ ಹತ್ತಿ ಪರಾರಿಯಾದ ರಾತ್ರಿಯಿಂದಲೇ ಶುರು ಮಾಡುತ್ತೀಯ ಅಂತ ನನ್ನ ಗುಮಾನಿ. ಬೇಡ, ಕೋರ್ಟಿನ ಕಾಗದದಿಂದ ಶುರು ಮಾಡು.

ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ದಾಖಲೆಗಳು ಕೂತಲ್ಲೇ ಸಿಗುತ್ತವೆ ಅಂತ ಅಲ್ಲೇ ತಡಕಾಡಬೇಡ. ಅವಳ ಮೊದಲ ವಿಚಾರಣೆ ಆದದ್ದು ಎಕ್ಸೆಟರ್‌ನಲ್ಲಿ, 1786ರ ಮಾರ್ಚ್‌ನಲ್ಲಿ. ತವರಿನ ಹೆಸರು ಬ್ರಾಡ್, ಕಾರ್ನ್‌ವಾಲ್‌ನ ಫೊಯ್ ಬಂದರಿನವಳು. ಗುಮಾಸ್ತರು ಆಗ ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು. ಒಂದೇ ಕಾಗುಣಿತಕ್ಕೆ ಜೋತುಬಿದ್ದರೆ ಎದುರಿಗಿದ್ದ ಕಾಗದವೂ ಕಣ್ಣಿಗೆ ಬೀಳುವುದಿಲ್ಲ.

ಮೇರಿಯೂ ಸೇರಿ ಮೂವರು ಹೆಂಗಸರು ಪ್ಲಿಮತ್ ಹತ್ತಿರ ದಾರಿಯಲ್ಲಿ ಒಬ್ಬಾಕೆಯನ್ನು ಅಡ್ಡಗಟ್ಟಿ ರೇಷ್ಮೆ ಟೋಪಿ, ಬೇರೆ ಸಾಮಾನು ಕಿತ್ತುಕೊಂಡರು. ಬೆಲೆ 11 ಪೌಂಡು 11 ಷಿಲ್ಲಿಂಗ್. ಮೊದಲು ಮರಣದಂಡನೆ, ಆಮೇಲೆ ಅದನ್ನು 7 ವರ್ಷದ ಗಡೀಪಾರಿಗೆ ಇಳಿಸಿದರು. ‘ಒಂದು ಟೋಪಿಗೆ ನೇಣೇ?’ ಅಂತ ಬರೆಯಲು ಕೈ ತುರಿಸುತ್ತದೆ. ಶಿಕ್ಷೆ ಕ್ರೂರವೇ, ಅನುಮಾನವಿಲ್ಲ. ಆದರೆ ದೋಚಿಸಿಕೊಂಡವಳಿಗೂ ಒಂದು ಹೆಸರಿತ್ತು: ಏಗ್ನೆಸ್ ಲೇಕ್‌ಮನ್. ಅವಳಿಗೂ ಒಂದು ಸಾಲು ಕೊಡು.

ಅಲ್ಲಿಂದ ಮುಂದೆ ಪ್ರತಿ ಕಾಗದಕ್ಕೂ ಎರಡು ಪ್ರಶ್ನೆ ಹಾಕು: ಬರೆದವನು ಯಾರು, ಬರೆದದ್ದು ಯಾತಕ್ಕೆ? ಸರ್ಕಾರಕ್ಕೆ ಮೇರಿ ನೆನಪಾದದ್ದು ಹಿಡಿದಾಗ, ಹಡಗಿಗೆ ಹತ್ತಿಸಿದಾಗ, ರೇಷನ್ ಅಳೆದಾಗ. ಗಡೀಪಾರಿನ ‘ಷಾರ್ಲೆಟ್’ ಹಡಗಿನ ಪಯಣದಲ್ಲೇ ಮಗಳು ಹುಟ್ಟಿದಳು; ಮಗುವಿಗೂ ಷಾರ್ಲೆಟ್ ಅಂತಲೇ ಹೆಸರು. 1788ರಲ್ಲಿ ಸಿಡ್ನಿ ತಲುಪಿದ ಕೆಲವೇ ದಿನಕ್ಕೆ ವಿಲಿಯಂ ಬ್ರಯಾಂಟನ ಜೊತೆ ಮದುವೆ. ಅವನು ಮೀನು ಹಿಡಿಯುವುದರಲ್ಲಿ ಪಳಗಿದ ಕೈ. ಸರ್ಕಾರದ ಮೀನನ್ನು ಕದ್ದು ಮಾರಿ 100 ಛಡಿಯೇಟು ತಿಂದ. ಹಸಿವಿನ ವಸಾಹತು ಅದು.

1791ರ ಮಾರ್ಚ್ 28ರ ರಾತ್ರಿ ಗವರ್ನರನ ದೋಣಿಯಲ್ಲಿ 11 ಜನ ಹೊರಟರು. ಅವರಲ್ಲಿ ಇಬ್ಬರು ಮಕ್ಕಳು. ಚಿಕ್ಕವನು ಇಮ್ಯಾನುಯೆಲ್‌ಗೆ ಆಗ ಸುಮಾರು ಒಂದು ವರ್ಷ. ಡಚ್ ಕ್ಯಾಪ್ಟನ್ ಒಬ್ಬನಿಂದ ದಿಕ್ಸೂಚಿ, ನಕಾಶೆ ದೊರಕಿಸಿಕೊಂಡಿದ್ದರು. ಸುಮಾರು 5,000 ಕಿಲೋಮೀಟರ್ ದಾಟಿ 69 ದಿನಕ್ಕೆ ಟಿಮೋರ್‌ನ ಕುಪಾಂಗ್ ಸೇರಿದರು. ಹಡಗು ಒಡೆದು ಬದುಕಿ ಬಂದವರು ನಾವು ಅಂತ ಸುಳ್ಳು ಹೇಳಿದರು. ಕೆಲವು ಕಾಲ ನಡೆಯಿತು, ಆಮೇಲೆ ಸಿಕ್ಕಿಬಿದ್ದರು.

ಈ ಪಯಣವನ್ನು ಕೈದಿಯ ಬಾಯಿಂದಲೇ ಕೇಳಬೇಕೆಂದರೆ ಜೊತೆಗಿದ್ದ ಜೇಮ್ಸ್ ಮಾರ್ಟಿನ್ ಎಂಬವನ ಬರಹ ಓದು. ಅದು ಉಳಿದಿರುವುದು ಗಡೀಪಾರನ್ನು ಖಂಡಿಸುತ್ತಿದ್ದ ಜೆರೆಮಿ ಬೆಂಥಮ್‌ನ ಕಾಗದಪತ್ರಗಳಲ್ಲಿ. ನೌಕಾ ಸೈನಿಕ ಅಧಿಕಾರಿ ವಾಟ್ಕಿನ್ ಟೆಂಚ್ ಇನ್ನೊಬ್ಬ ಸಾಕ್ಷಿ. ವಿಚಿತ್ರ ನೋಡು, ಹೋಗುವಾಗ ‘ಷಾರ್ಲೆಟ್’ನಲ್ಲಿ ಅವನೂ ಇದ್ದ, ಮೇರಿಯನ್ನು ಇಂಗ್ಲೆಂಡಿಗೆ ಎಳೆದೊಯ್ದ ‘ಗೋರ್ಗನ್’ನಲ್ಲೂ ಇದ್ದ. ಅಷ್ಟರಲ್ಲಿ ಗಂಡನೂ ಮಗನೂ ವಾಪಸು ಸಾಗಿಸುವ ದಾರಿಯಲ್ಲಿ, ಬಟಾವಿಯಾದಲ್ಲಿ ಸತ್ತಿದ್ದರು. 1792ರ ಮೇ ತಿಂಗಳಲ್ಲಿ ‘ಗೋರ್ಗನ್’ನಲ್ಲೇ ಮಗಳೂ ಹೋದಳು. ಇಲ್ಲಿ ನೀನು ಕಣ್ಣೀರು ಬರೆಯಬೇಡ. ತಾರೀಖು ಬರೆ, ಸಾಕು.

1793ರ ಮೇನಲ್ಲಿ ಕ್ಷಮಾದಾನ ಸಿಕ್ಕಿತು. ಅದಕ್ಕೆ ಓಡಾಡಿದವನು ಡಾಕ್ಟರ್ ಜಾನ್ಸನ್ನನ ಜೀವನಚರಿತ್ರೆ ಬರೆದ ಬಾಸ್ವೆಲ್. ವರ್ಷಕ್ಕೆ 10 ಪೌಂಡಿನ ಏರ್ಪಾಟನ್ನೂ ಮಾಡಿದ. ಸಿಡ್ನಿಯಲ್ಲಿ ಕೈದಿಗಳು ಚಹಾದ ಹಾಗೆ ಕುದಿಸಿ ಕುಡಿಯುತ್ತಿದ್ದ ಒಂದು ಬಗೆಯ ಎಲೆಯನ್ನು ಮೇರಿ ಅವನಿಗೆ ಕೊಟ್ಟಿದ್ದಳು. ಆ ಒಣಗಿದ ಎಲೆಗಳು ಅವನ ಕಾಗದಗಳ ಜೊತೆ ಉಳಿದುಬಂದಿವೆ. ನಿನಗೆ ಸಿಗುವ ಸಾಕ್ಷ್ಯಗಳಲ್ಲಿ ಅವಳೇ ಕೊಟ್ಟದ್ದು ಅದೊಂದು. ಅದರ ಮೇಲೆ ಒಂದು ಪುಟ ಬರೆದರೂ ಹೆಚ್ಚಾಗಲಿಲ್ಲ.

ಆ ವರ್ಷವೇ ಅವಳು ಫೊಯ್ ಕಡೆ ಹೊರಟಳು. 1795ರಲ್ಲಿ ಬಾಸ್ವೆಲ್ ಸತ್ತ, ಜಾಡೂ ತಪ್ಪಿತು. ಮುಂದೆ ಕಾರ್ನ್‌ವಾಲ್‌ನ ಚರ್ಚ್ ದಫ್ತರದಲ್ಲಿ ಅದೇ ಹೆಸರಿನವಳೊಬ್ಬಳು ಸಿಕ್ಕಿದಳು ಅಂತ ಇವಳಿಗೆ ಎರಡನೇ ಮದುವೆ ಮಾಡಿಸಬೇಡ. ಮೊದಲು ಟೆಂಚ್, ಮಾರ್ಟಿನ್ ಇಬ್ಬರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ಮುಗಿಸು. ಹೊಂದದ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾ, ಕೂತು ಮಾತಾಡೋಣ.