ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ: ತಾಳಿಕೋಟೆಯ ಕಂಪ್ಯೂಟರ್ ಮಂದಿಗೆ ಹತ್ತು ಸೂತ್ರ

ಬೆಳೆ ವಿಮೆಗೆ ಅರ್ಜಿ ಹಾಕಲು ಕೊನೆಯ ದಿನ. ಆನ್‌ಲೈನ್ ಸೆಂಟರಿನ ಮುಂದೆ ಪಹಣಿ, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಹಿಡಿದ ರೈತರ ಸಾಲು. ಒಳಗೆ ಬಟನ್ ಒತ್ತಿದರೆ ಫ್ಯಾನ್ ಗುಂಯ್ ಎನ್ನುತ್ತದೆ, ದೀಪವೂ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪು. ಕೂಡಲೇ ಮೆಕ್ಯಾನಿಕ್‌ಗೆ ಫೋನು: “ಸರ, ಸಿಸ್ಟಮ್ ಚಾಲೂ ಆಗತೈತ್ರಿ, ಡಿಸ್‌ಪ್ಲೇ ಬರವಲ್ದರಿ.”

ಹಿಂದೆ ಮುದ್ದೇಬಿಹಾಳ ತಾಲೂಕಿನಲ್ಲಿದ್ದ ತಾಳಿಕೋಟೆ ಈಗ ತಾನೇ ತಾಲೂಕು ಕೇಂದ್ರ. ಅರ್ಜಿ, ಪ್ರಮಾಣಪತ್ರ, ಫಲಿತಾಂಶ ಎಲ್ಲವೂ ಕಂಪ್ಯೂಟರಿನ ಮೇಲೆಯೇ ನಿಂತಿರುವಾಗ ಒಂದು ದಿನ ಯಂತ್ರ ಕೈಕೊಟ್ಟರೂ ನಷ್ಟ ಜನರಿಗೆ. ಸಿಪಿಯು ಹೊತ್ತು ವಿಜಯಪುರದ ಬಸ್ ಹತ್ತುವ ಮೊದಲು ಇಷ್ಟು ಮಾಡಿ ನೋಡಿ.

1. ಫೈಲು ಹೋಯಿತೆಂದು ಗಾಬರಿಯಾಗಬೇಡಿ. ಬಟನ್ ಒತ್ತಿದೊಡನೆ ಕಂಪ್ಯೂಟರ್ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ರ‍್ಯಾಮ್ ಇದೆಯೇ, ಗ್ರಾಫಿಕ್ಸ್ ಇದೆಯೇ ಎಂದು ನೋಡಿದ ಮೇಲೆಯೇ ಹಾರ್ಡ್ ಡಿಸ್ಕಿನಿಂದ ವಿಂಡೋಸ್ ತೆರೆಯುವುದು. ಕಂಪನಿಯ ಲೋಗೋ ಕೂಡ ಕಾಣಿಸದಿದ್ದರೆ ಸಾಮಾನ್ಯವಾಗಿ ಯಂತ್ರ ಆ ಪರೀಕ್ಷೆಯಲ್ಲೇ ನಿಂತಿರುತ್ತದೆ. ನಿಮ್ಮ ದಾಖಲೆಗಳನ್ನು ಅದಿನ್ನೂ ಮುಟ್ಟಿಯೇ ಇರುವುದಿಲ್ಲ.

2. ಹೊರಗಿನಿಂದ ಒಳಕ್ಕೆ ಬನ್ನಿ. ಮಾನಿಟರಿನ ದೀಪ ನೋಡಿ. ಹತ್ತದಿದ್ದರೆ ಅದರ ಪ್ಲಗ್, ವೈರ್ ನೋಡಿ. ಹತ್ತಿದ್ದರೆ ವಿಡಿಯೋ ಕೇಬಲ್ ಕಿತ್ತುಬಿಡಿ. ‘ನೋ ಸಿಗ್ನಲ್’ ಎಂದೋ ‘ಚೆಕ್ ಕೇಬಲ್’ ಎಂದೋ ಬರಹ ಮೂಡಿದರೆ ಮಾನಿಟರಿಗೆ ಜೀವವಿದೆ. ಕೇಬಲ್ ಮತ್ತೆ ಚುಚ್ಚಿ, ಮಾನಿಟರಿನ ಬಟನ್ ಒತ್ತಿ ವಿಜಿಎ, ಎಚ್‌ಡಿಎಂಐಗಳಲ್ಲಿ ಸರಿಯಾದುದನ್ನು ಆರಿಸಿ. ನೀಲಿ ತಲೆಯ ವಿಜಿಎ ಕೇಬಲ್ ಆದರೆ ಪಿನ್ನು ಬಾಗಿದೆಯೇ ನೋಡಿ, ಎರಡೂ ಕಡೆ ಸ್ಕ್ರೂ ಬಿಗಿ ಮಾಡಿ.

3. ಕೇಬಲ್ ಎಲ್ಲಿ ಚುಚ್ಚಿದ್ದೀರಿ? ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ಐ3-10100ಎಫ್, ಐ5-10400ಎಫ್‌ನಂಥ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸೇ ಇರುವುದಿಲ್ಲ. ಬೋರ್ಡಿಗೆ ಕೇಬಲ್ ಹಾಕಿದರೆ ಚಿತ್ರ ಬರುವುದೇ ಇಲ್ಲ. ಫೋಟೋ ಸ್ಟುಡಿಯೋದವರು ಟೇಬಲ್ ಸರಿಸಿ ಧೂಳು ಹೊಡೆದ ಮರುದಿನ ಇದನ್ನೇ ಮೊದಲು ನೋಡಬೇಕು.

4. ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಕೆಲಸ ಮಾಡುತ್ತಿದೆ. ದೋಷ ಬಹುತೇಕ ಮಾನಿಟರ್, ಕೇಬಲ್, ಗ್ರಾಫಿಕ್ಸ್ ಕಡೆಗೆ. ದೀಪ ಅಲುಗದಿದ್ದರೆ ಸಂಶಯ ರ‍್ಯಾಮ್, ಬೋರ್ಡು, ವಿದ್ಯುತ್ತು ಪೂರೈಸುವ ಎಸ್‌ಎಂಪಿಎಸ್ ಮೇಲೆ. ಕಾಸು ಖರ್ಚಿಲ್ಲದೆ ಅರ್ಧ ದಾರಿ ತೋರಿಸುವ ಪರೀಕ್ಷೆ ಇದು.

5. ಬೀಪ್ ಕೇಳಿ. ಹಳೆಯ ಬೋರ್ಡುಗಳಲ್ಲಿ ನಿಲ್ಲದೆ ಬರುವ ಬೀಪ್ ಸಾಮಾನ್ಯವಾಗಿ ರ‍್ಯಾಮಿನ ದೂರು. ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಗ್ರಾಫಿಕ್ಸ್. ಹೊಸ ಬೋರ್ಡಾದರೆ ಸಿಪಿಯು, ಡಿರ‍್ಯಾಮ್, ವಿಜಿಎ ಎಂದು ಬರೆದ ಪುಟ್ಟ ದೀಪಗಳಲ್ಲಿ ಯಾವುದು ಹತ್ತಿ ನಿಂತಿದೆ ನೋಡಿ.

6. ರ‍್ಯಾಮ್ ತೆಗೆದು, ಒರೆಸಿ, ಹಾಕಿ. ನಮ್ಮ ಕಡೆ ಹೆಚ್ಚಿನ ಯಂತ್ರಗಳು ಇಲ್ಲೇ ಬದುಕುತ್ತವೆ. ಕಾರಣ ನೆಲದಲ್ಲೇ ಇದೆ. ಡೋಣಿ ನದಿಯ ದಂಡೆಯ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ನುಣ್ಣನೆ ಧೂಳಾಗಿ ಏಳುತ್ತದೆ. ಪರಸಿ ಕಲ್ಲು ಕೊಯ್ಯುವಲ್ಲಿಂದ ಬರುವ ಸುಣ್ಣಗಲ್ಲಿನ ಪುಡಿ ಬೇರೆ. ಫ್ಯಾನ್ ಎಳೆದುಕೊಂಡ ಗಾಳಿಯ ಜೊತೆ ಅದೆಲ್ಲ ಒಳಗೆ ಸೇರುತ್ತದೆ. 40 ಡಿಗ್ರಿ ದಾಟುವ ಬಿಸಿಲಿಗೆ ಬೋರ್ಡು ಹಿಗ್ಗಿ, ರಾತ್ರಿ ತಣಿದು ಕುಗ್ಗಿ, ರ‍್ಯಾಮಿನ ಹಿಡಿತವೂ ಸಡಿಲುತ್ತದೆ.

ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯ ವಿದ್ಯುತ್ತು ಇಳಿಯಲಿ. ಕ್ಲಿಪ್ ಬಿಚ್ಚಿ ರ‍್ಯಾಮನ್ನು ಅಂಚಿನಲ್ಲಿ ಹಿಡಿದು ಎತ್ತಿ. ಹೊಂಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಬೋರ್ಡಿನ ಮೇಲೆ ಬೀಳದಂತೆ ದೂರ ಕೊಡವಿ. ಸ್ಲಾಟನ್ನು ಒಣ ಬ್ರಷ್‌ನಿಂದ ಸ್ವಚ್ಛ ಮಾಡಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಕಿಲುಬು ತರುತ್ತದೆ. ಪಟ್ಟಿಯ ಕಚ್ಚು ನೋಡಿ ಕೂಡಿಸಿ, ‘ಟಕ್’ ಎನ್ನುವವರೆಗೆ ಎರಡೂ ತುದಿ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದಾಗಿ ಹಾಕಿ ನೋಡಿ. ಡಿಡಿಆರ್5 ಆದರೆ ಮೊದಲ ಸಲ ಚಿತ್ರ ಬರಲು ಕೆಲವು ನಿಮಿಷ ಹಿಡಿಯಬಹುದು. ತಡೆಯಲಾರದೆ ಆಫ್ ಮಾಡಬೇಡಿ.

7. ಸೆಲ್ ತೆಗೆದು ಮತ್ತೆ ಹಾಕಿ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ 3 ವೋಲ್ಟಿನದು. ವೈರ್ ಕಿತ್ತು, ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಹಾಕಿದರೆ ಕೆಟ್ಟ ಸೆಟ್ಟಿಂಗ್ ಅಳಿಯುತ್ತದೆ. ಚಾಲೂ ಆದ ಮೇಲೆ ತಾರೀಖು ಸರಿಪಡಿಸಿ. ಇಲ್ಲದಿದ್ದರೆ ಸರ್ಕಾರಿ ಪೋರ್ಟಲುಗಳು ತೆರೆಯುವುದಿಲ್ಲ.

8. ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎನ್ನಬೇಡಿ. ಫ್ಯಾನಿಗೆ ಬೇಕಾದುದು 12 ವೋಲ್ಟ್ ಮಾತ್ರ. ಬೋರ್ಡಿಗೆ 5, 3.3 ವೋಲ್ಟುಗಳೂ ಬೇಕು. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪ್ಲಗ್ ಕಳಚಿದ್ದರೂ ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದೇ ಖಾತ್ರಿಯ ಪರೀಕ್ಷೆ. ಅದರ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು.

9. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಿಂಟರ್, ಪೆನ್‌ಡ್ರೈವ್, ಬೆರಳಚ್ಚಿನ ಮೆಷಿನ್, ಹಾರ್ಡ್ ಡಿಸ್ಕ್ ಎಲ್ಲ ಕಳಚಿ. ಬೋರ್ಡು, ಪ್ರೊಸೆಸರ್ ಮತ್ತು ಅದರ ಫ್ಯಾನ್, ಒಂದು ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್, ‘ಎಫ್’ ಪ್ರೊಸೆಸರ್ ಆದರೆ ಗ್ರಾಫಿಕ್ಸ್ ಕಾರ್ಡ್, ಇಷ್ಟರಲ್ಲೇ ಚಾಲೂ ಮಾಡಿ. ಡಿಸ್‌ಪ್ಲೇ ಬಂದರೆ ಉಳಿದವನ್ನು ಒಂದೊಂದಾಗಿ ಸೇರಿಸುತ್ತ ಹೋಗಿ. ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಬೆಸುಗೆ ಬಲ್ಲವರ ಕೆಲಸ.

10. ಲೋಗೋ ಬಂದು ಆಮೇಲೆ ಕಪ್ಪಾದರೆ ಅದು ಬೇರೆಯೇ ರೋಗ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಆಗದಿದ್ದರೆ ಸೇಫ್ ಮೋಡ್‌ನಲ್ಲಿ ಡ್ರೈವರ್ ನೋಡಿಸಿ.

ಇಷ್ಟೆಲ್ಲ ಮಾಡಿಯೂ ಪರದೆ ಕಪ್ಪಾಗಿಯೇ ಇದ್ದರೆ ರಿಪೇರಿಗೆ ಕೊಡಿ, ಆದರೆ ಹಾರ್ಡ್ ಡಿಸ್ಕ್ ಕಳಚಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಲೋಗೋ ಕೂಡ ಬಾರದ ಯಂತ್ರಕ್ಕೆ ಫಾರ್ಮ್ಯಾಟ್ ಮದ್ದಲ್ಲ. “ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತದೆ” ಎಂದು ಯಾರೇ ಹೇಳಲಿ, ಒಪ್ಪಬೇಡಿ.